ಫೋಟೊ ತೆಗೆಸುವ ಮುಂಚೆ ಮಾತಾಡಿಕೊಳ್ಳೋಣ

ಹತ್ತನೇ ತರಗತಿ ಮತ್ತು ದ್ವಿತೀಯ ಪಿಯು ಮಕ್ಕಳ ಬೀಳ್ಕೊಡುಗೆಗೆ ಇನ್ನೂ ಹಲವು ತಿಂಗಳುಗಳಿವೆ. ಜನವರಿ ಬಂತೆಂದರೆ ಉತ್ತರ ಬೆಂಗಳೂರಿನ ಯಲಹಂಕ ಉಪನಗರದಿಂದ ಹೆಬ್ಬಾಳದವರೆಗೆ, ಆರ್.ಟಿ. ನಗರದಿಂದ ಯಶವಂತಪುರದವರೆಗೆ ಶಾಲೆ ಶಾಲೆಯಲ್ಲೂ ಸೆಂಡಾಫ್ ಮಾತು ಏಳುತ್ತದೆ. ಯಾವ ಸೀರೆ, ಯಾವ ಬ್ಲೇಜರ್, ಯಾರ ಮೇಕಪ್, ಯಾವ ಕೆರೆ ಏರಿ, ಯಾವ ಹಾಡಿಗೆ ರೀಲ್ಸ್ ಎಂದು ಮಕ್ಕಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ತೆಗೆದ ಫೋಟೊ ಆಮೇಲೆ ಯಾರ ಹತ್ತಿರ ಇರುತ್ತದೆ ಎಂಬ ಒಂದು ಪ್ರಶ್ನೆ ಮಾತ್ರ ಆ ಚರ್ಚೆಯಲ್ಲಿ ಬರುವುದಿಲ್ಲ. ಅದಕ್ಕೆ ಉತ್ತರ ಕಂಡುಕೊಳ್ಳಲು ಇದೇ ಸರಿಯಾದ ಸಮಯ. ಜನವರಿಯಲ್ಲಿ ಕೇಳಿದರೆ ತಡವಾಗಿರುತ್ತದೆ.

ಬೀಳ್ಕೊಡುಗೆಯ ಫೋಟೊ ಬೇಡ ಎಂದು ನಾವು ಹೇಳುತ್ತಿಲ್ಲ. ಹತ್ತು ಹನ್ನೆರಡು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯ ಊಟ ಹಂಚಿಕೊಂಡ ಮಕ್ಕಳು ಅಗಲುವ ಹೊತ್ತಿಗೆ ಒಂದು ಚಿತ್ರ ಬೇಕೇ ಬೇಕು. ಮೊದಲ ಸಲ ಸೀರೆಯುಟ್ಟ ಹುಡುಗಿಯ ಖುಷಿ, ಅಣ್ಣನ ಬ್ಲೇಜರ್ ತೊಟ್ಟ ಹುಡುಗನ ಹೆಮ್ಮೆ, ಎರಡೂ ಆ ವಯಸ್ಸಿಗೆ ಸಲ್ಲಬೇಕಾದ್ದೇ. ಆ ಖುಷಿಯನ್ನು ಕಾಯುವುದು ಹೇಗೆ ಎಂಬುದು ನಮ್ಮ ಕಾಳಜಿ. ಸೀರೆಯ ನೆರಿಗೆ, ತಲೆಗೂದಲು, ಲೈಟಿಂಗು ಇವಕ್ಕೆ ನಡೆಯುವ ತಯಾರಿಯ ಅರ್ಧದಷ್ಟಾದರೂ ಮಕ್ಕಳ ಮುಖಚಿತ್ರದ ರಕ್ಷಣೆಗೆ ನಡೆಯಬೇಕು. ಅದಿಲ್ಲದೆ ಇನ್ನೊಂದೆರಡು ವರ್ಷ ಕಳೆದರೆ, ಈಗ ಅಲ್ಲಲ್ಲಿ ಕಾಣುತ್ತಿರುವ ಫೋಟೊ ದುರ್ಬಳಕೆಯ ಸುಳಿವುಗಳು ನಮ್ಮದೇ ಬಡಾವಣೆಯ ಮನೆಗಳ ಸಂಕಟವಾಗಿ ಬೆಳೆಯುತ್ತವೆ ಎಂಬ ಆತಂಕ ನಮ್ಮದು.

ಕಾಗದದಿಂದ ಲಿಂಕಿಗೆ

ಹಿಂದಿನ ಗ್ರೂಪ್ ಫೋಟೊ ಹೇಗಿತ್ತು ಎಂಬುದು ಈಗಿನ ಅಪ್ಪ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು. ಶಾಲೆಯ ಅಂಗಳದಲ್ಲಿ ಮೇಷ್ಟ್ರುಗಳಿಗೆ ಕುರ್ಚಿ, ಎತ್ತರದ ಹುಡುಗರಿಗೆ ಹಿಂದೆ ಬೆಂಚು, ಗಿಡ್ಡಗಿದ್ದವರಿಗೆ ಮುಂದೆ ಜಮಖಾನ, ನಡುವೆ ಶಾಲೆಯ ಹೆಸರು ಮತ್ತು ವರ್ಷ ಬರೆದ ಸ್ಲೇಟು. ಎಲ್ಲರಿಗೂ ಅದೇ ಯೂನಿಫಾರ್ಮು. ಸ್ಟುಡಿಯೊದವರು ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಎರಡು ಮೂರು ಸಲ ಕ್ಲಿಕ್ ಮಾಡುತ್ತಿದ್ದರು. ವಾರದ ಮೇಲೆ ರಟ್ಟಿಗೆ ಅಂಟಿಸಿದ ಪ್ರಿಂಟ್ ಬರುತ್ತಿತ್ತು. ಒಂದು ಪ್ರತಿ ಹೆಡ್ಮಾಸ್ಟರ ಕೋಣೆಯ ಗೋಡೆಗೆ, ಉಳಿದವು ದುಡ್ಡು ಕೊಟ್ಟವರ ಮನೆಗೆ. 1910ರಲ್ಲಿ ಶುರುವಾದ ಜಿ.ಕೆ. ವೇಲ್‌ನಂಥ ಹೆಸರಾಂತ ಸ್ಟುಡಿಯೊದಿಂದ ಹಿಡಿದು ಬಡಾವಣೆಯ ಮೂಲೆಯ ಪುಟ್ಟ ಸ್ಟುಡಿಯೊವರೆಗೆ ಬೆಂಗಳೂರಿನ ತಲೆಮಾರುಗಳ ಮುಖಗಳು ಹೀಗೆ ಕಾಗದದ ಮೇಲೆ ಉಳಿದವು. ಆ ಫೋಟೊ ಎಷ್ಟು ಪ್ರತಿ ಇದೆ, ಯಾರ ಮನೆಯಲ್ಲಿದೆ ಎಂದು ಲೆಕ್ಕ ಹಾಕಬಹುದಿತ್ತು. ಅದರ ನೆಗೆಟಿವ್ ಸ್ಟುಡಿಯೊದ ಪೆಟ್ಟಿಗೆಯಲ್ಲಿ ಇರುತ್ತಿತ್ತು.

ಈಗ ಗ್ರೂಪ್ ಫೋಟೊ ಜೊತೆಗೆ ಒಬ್ಬೊಬ್ಬರದೇ ಬೇರೆ ಬೇರೆ ಪೋಸು, ಗೆಳತಿಯರ ಗುಂಪು, ವಿಡಿಯೊ ಎಲ್ಲವೂ ಸೇರಿವೆ. ಅಮೆರಿಕದ ಹೈಸ್ಕೂಲುಗಳಲ್ಲಿ ಕೊನೆಯ ವರ್ಷದ ಮಕ್ಕಳು ವಾರ್ಷಿಕ ಪುಸ್ತಕಕ್ಕಾಗಿ ಬೇಸಿಗೆಯಲ್ಲೇ ಸ್ಟುಡಿಯೊದಲ್ಲಿ ದಿನ ಗೊತ್ತುಮಾಡಿ ಮುಖಚಿತ್ರ ತೆಗೆಸಿಕೊಳ್ಳುವ ಹಳೆಯ ರೂಢಿಯಿದೆ. ಆ ರೂಢಿಯ ಚಿತ್ರಗಳು ಮೊಬೈಲಿನಲ್ಲಿ ನಮ್ಮ ಮಕ್ಕಳಿಗೂ ದಿನಾ ಕಾಣುತ್ತಿವೆ, ಮದುವೆ ಮುಂಚಿನ ಫೋಟೊಶೂಟ್‌ಗಳು ಕಣ್ಣೆದುರೇ ಇವೆ. ಹೀಗಾಗಿ ಬೀಳ್ಕೊಡುಗೆಗೂ ಒಂದು ಶೂಟ್ ಬೇಕು ಎನ್ನುವ ಆಸೆ ಹುಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಚಿತ್ರ ಕೈಗೆ ಬರುವ ದಾರಿ ಪೂರ್ತಿ ಬದಲಾಗಿದೆ. ಫೋಟೊಗ್ರಾಫರ್ ನೂರಾರು ಫೋಟೊಗಳನ್ನು ಒಂದು ಡ್ರೈವ್‌ಗೆ ಹಾಕಿ ಅದರ ಲಿಂಕನ್ನು ಯಾರಾದರೂ ಒಬ್ಬ ವಿದ್ಯಾರ್ಥಿಗೆ ಕಳಿಸುತ್ತಾರೆ. ಆ ಲಿಂಕ್ ತರಗತಿಯ ಗುಂಪಿಗೆ, ಅಲ್ಲಿಂದ ಬೇರೆ ಸೆಕ್ಷನ್ನಿನ ಗುಂಪಿಗೆ, ಟ್ಯೂಷನ್ ಗೆಳೆಯರಿಗೆ ಹೋಗುತ್ತದೆ. ಲಿಂಕ್ ಇದ್ದವರೆಲ್ಲ ತೆರೆಯಬಹುದು, ಇಳಿಸಿಕೊಳ್ಳಬಹುದು. ಚೆನ್ನಾಗಿ ಬಂದ ಹತ್ತು ಚಿತ್ರಗಳು ಸ್ಟುಡಿಯೊದ ಇನ್‌ಸ್ಟಾಗ್ರಾಮ್ ಪುಟಕ್ಕೆ ಜಾಹೀರಾತಾಗಿ ಏರುತ್ತವೆ, ಕೆಲವು ಶಾಲೆಯ ಪುಟಕ್ಕೂ ಏರುತ್ತವೆ. ಶಾಲೆಯ ಹೆಸರು, ಬಡಾವಣೆ, ಮಗುವಿನ ಮುಖ ಮೂರೂ ಒಂದೇ ಕಡೆ ಸಿಗುತ್ತವೆ. ಇದಕ್ಕೆ ಹದಿನೈದರ ಹುಡುಗಿಯ ಒಪ್ಪಿಗೆ ಇತ್ತೇ, ಅವಳ ಮನೆಯವರಿಗೆ ತಿಳಿದಿತ್ತೇ ಎಂದು ಕೇಳುವ ಪದ್ಧತಿ ಇನ್ನೂ ನಮ್ಮಲ್ಲಿ ಬೆಳೆದಿಲ್ಲ.

ದೂರದ ಸುದ್ದಿ ಎಂದು ಸುಮ್ಮನಿರುವಂತಿಲ್ಲ

2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೊಗೆ ಕೂಡಿಸಿ ಹರಿಬಿಟ್ಟಿದ್ದು ಎಲ್ಲರಿಗೂ ನೆನಪಿದೆ. ದೆಹಲಿ ಪೊಲೀಸರು ಮುಂದಿನ ಜನವರಿಯಲ್ಲಿ ಆಂಧ್ರದ ಗುಂಟೂರಿನಲ್ಲಿ ಒಬ್ಬನನ್ನು ಬಂಧಿಸಿದರು. ಆ ವಿಡಿಯೊ ಹರಿದಾಡಿದಾಗ ರಶ್ಮಿಕಾ ಸಾರ್ವಜನಿಕವಾಗಿ ಹೇಳಿದ ಒಂದು ಮಾತು ಪ್ರತಿ ಶಾಲೆಯೂ ಕಿವಿಗೊಡಬೇಕಾದ್ದು. ತನಗೆ ಮನೆಯವರ, ಗೆಳೆಯರ ಬೆಂಬಲವಿದೆ, ಇದೇ ಸಂಗತಿ ಶಾಲೆಯಲ್ಲೋ ಕಾಲೇಜಿನಲ್ಲೋ ಓದುವಾಗ ನಡೆದಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲಾಗದು ಎಂಬುದು ಅವರ ಮಾತಿನ ಸಾರ. ಹೆಸರು, ವಕೀಲರು, ಅಭಿಮಾನಿಗಳು ಇರುವ ನಟಿಯೇ ಹೀಗೆ ಹೇಳಿದರೆ, ಮತ್ತಿಕೆರೆಯ ಒಂದು ಬಾಡಿಗೆ ಮನೆಯ ಹುಡುಗಿಯ ಗತಿಯೇನು?

ಅವರು ಊಹಿಸಲಾಗದು ಎಂದ ಸಂಗತಿ ಶಾಲೆಗಳಲ್ಲಿ ಈಗಾಗಲೇ ನಡೆದಿದೆ. ಸ್ಪೇನಿನ ಅಲ್ಮೆಂದ್ರಾಲೆಹೊ ಎಂಬ ಪುಟ್ಟ ಪಟ್ಟಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ 20ಕ್ಕೂ ಹೆಚ್ಚು ಶಾಲಾ ಬಾಲಕಿಯರ ಬೆತ್ತಲೆ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಆ ಹುಡುಗಿಯರು ತಮ್ಮ ಖಾತೆಯಲ್ಲಿ ಹಾಕಿಕೊಂಡಿದ್ದ, ಮೈತುಂಬ ಬಟ್ಟೆ ತೊಟ್ಟ ಸಾಮಾನ್ಯ ಫೋಟೊಗಳನ್ನು ಎಐ ಆ್ಯಪ್‌ಗೆ ಕೊಟ್ಟು ಅವನ್ನು ತಯಾರಿಸಲಾಗಿತ್ತು. ಮಾಡಿದವರು ಅದೇ ಊರಿನ ಹುಡುಗರು. 2024ರಲ್ಲಿ ಅಲ್ಲಿನ ನ್ಯಾಯಾಲಯ 15 ಅಪ್ರಾಪ್ತ ಹುಡುಗರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಒಂದು ವರ್ಷ ನಿಗಾದಲ್ಲಿ ಇರಿಸಿತು. 2024ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶಾಲೆಯೊಂದರ ಸುಮಾರು 50 ಬಾಲಕಿಯರ ಫೋಟೊಗಳಿಗೆ ಇದೇ ಗತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ಇಂಥ ನಕಲಿ ಚಿತ್ರ ಹಂಚುವ ಟೆಲಿಗ್ರಾಂ ಗುಂಪುಗಳು ಶಾಲೆ ಕಾಲೇಜುಗಳ ಹೆಸರಿನಲ್ಲೇ ನಡೆಯುತ್ತಿದ್ದುದು ಬಯಲಾಗಿ ದೇಶವೇ ಬೆಚ್ಚಿತು.

ಈ ಮೂರು ಪ್ರಕರಣಗಳಿಂದ ನಾವು ಕಲಿಯಬೇಕಾದ್ದು ಎರಡು. ಹುಡುಗಿಯರು ಹಾಕಿದ್ದ ಬಟ್ಟೆಯಲ್ಲಾಗಲಿ ಪೋಸಿನಲ್ಲಾಗಲಿ ಯಾವ ತಪ್ಪೂ ಇರಲಿಲ್ಲ. ಆದ್ದರಿಂದ 'ಮೈಮುಚ್ಚುವ ಬಟ್ಟೆ ಹಾಕು, ಏನೂ ಆಗುವುದಿಲ್ಲ' ಎನ್ನುವ ಮನೆಯ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡನೆಯದು, ಅಪಾಯ ಬಂದದ್ದು ಬಹುಪಾಲು ಪರಿಚಯದವರಿಂದ, ಜೊತೆಗೆ ಓದುವವರಿಂದ. ಬೀಳ್ಕೊಡುಗೆಯ ಡ್ರೈವ್ ಲಿಂಕ್ ಇರುವುದೂ ಅವರ ಕೈಯಲ್ಲೇ. ಮುಖಕ್ಕೆ ನೇರ ಬೆಳಕು ಬಿದ್ದ, ಕಣ್ಣು ಮೂಗು ಸ್ಪಷ್ಟವಾಗಿ ಕಾಣುವ, ದೊಡ್ಡ ಗಾತ್ರದ ಫೋಟೊ ಇಂಥ ಕೆಟ್ಟ ಕೆಲಸಕ್ಕೆ ಅತಿ ಸುಲಭದ ಕಚ್ಚಾವಸ್ತು. ಅಂಥವನ್ನು ಇಡೀ ತರಗತಿಯ ಲೆಕ್ಕದಲ್ಲಿ ತೆಗೆದು, ಯಾವ ಬೀಗವೂ ಇಲ್ಲದೆ ಹಂಚುತ್ತಿದ್ದೇವೆ.

ಚಿತ್ರವೊಂದು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಉದಾಹರಣೆಯೂ ಇದೆ. 2023ರ ಡಿಸೆಂಬರ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶೈಕ್ಷಣಿಕ ಪ್ರವಾಸದಲ್ಲಿ ಮುಖ್ಯ ಶಿಕ್ಷಕಿಯೊಬ್ಬರು ಹತ್ತನೇ ತರಗತಿಯ ವಿದ್ಯಾರ್ಥಿಯ ಜೊತೆ ತೆಗೆಸಿಕೊಂಡ ಫೋಟೊಗಳು ಹೊರಬಿದ್ದವು. ಶಿಕ್ಷಕಿ ಅಮಾನತಾದರು, ಅದು ಸರಿಯಾದ ಕ್ರಮ. ಆದರೆ ತಪ್ಪೇ ಇಲ್ಲದ ಆ ಹುಡುಗನ ಮುಖವೂ ದೇಶದ ಉದ್ದಗಲಕ್ಕೆ ಸುತ್ತಿತು. ತಮಾಷೆ ಮಾಡಿ ಹಂಚಿದ ಹಿರಿಯರಲ್ಲಿ ಎಷ್ಟು ಜನರಿಗೆ ಅದು ಎಸ್ಸೆಸ್ಸೆಲ್ಸಿ ಬರೆಯಬೇಕಾದ ಮಗು ಎಂಬ ನೆನಪಿತ್ತು?

ಕಾನೂನು ಎಲ್ಲಿಯವರೆಗೆ ಬರುತ್ತದೆ

18 ತುಂಬದ ಎಲ್ಲರೂ ಕಾನೂನಿನ ಕಣ್ಣಲ್ಲಿ ಮಕ್ಕಳು. ದ್ವಿತೀಯ ಪಿಯು ಮುಗಿಸುವ ಹದಿನೇಳರ ಹುಡುಗ ಹುಡುಗಿಯರೂ ಇದರಲ್ಲಿ ಸೇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಗುವಿನ ದತ್ತಾಂಶ ಬಳಸುವ ಸಂಸ್ಥೆ ತಂದೆತಾಯಿಯಿಂದ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕು. ಡಿಜಿಟಲ್ ಫೋಟೊ ಕೂಡ ಅಂಥ ದತ್ತಾಂಶವೇ. ಮಕ್ಕಳ ವಿಷಯದ ಹೊಣೆ ಮುರಿದರೆ ದಂಡ ಗರಿಷ್ಠ 200 ಕೋಟಿ ರೂಪಾಯಿವರೆಗೆ ಹೋಗಬಹುದು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಸಿದ್ಧರಾಗಲು ಸಂಸ್ಥೆಗಳಿಗೆ 18 ತಿಂಗಳ ಅವಧಿ ಸಿಕ್ಕಿದೆ. ಆ ಅವಧಿ ಮುಗಿಯುವ ಮುಂಚೆಯೇ ಇನ್ನೊಂದು ಬೀಳ್ಕೊಡುಗೆ ಬಂದುಹೋಗುತ್ತದೆ. ಕಾನೂನು ಒತ್ತಾಯಿಸುವವರೆಗೆ ಕಾಯುತ್ತೇವೆ ಎನ್ನುವ ಶಾಲೆ ಒಂದು ಇಡೀ ತಂಡದ ಮಕ್ಕಳನ್ನು ರಕ್ಷಣೆಯಿಲ್ಲದೆ ಬಿಟ್ಟಂತೆ.

ಇದರಲ್ಲಿ ಇನ್ನೊಂದು ಮಿತಿಯಿದೆ. ಶಾಲೆ, ಸ್ಟುಡಿಯೊಗಳಿಗೆ ಅನ್ವಯಿಸುವ ಈ ಕಾಯ್ದೆ ವ್ಯಕ್ತಿಯೊಬ್ಬರು ಸ್ವಂತಕ್ಕೆ, ಮನೆ ಬಳಕೆಗೆ ಇಟ್ಟುಕೊಂಡ ದತ್ತಾಂಶವನ್ನು ಹೊರಗಿಟ್ಟಿದೆ. ಅಂದರೆ ಸಹಪಾಠಿಯ ಮೊಬೈಲಿನಲ್ಲಿ ಕೂತ ಫೋಟೊಗೆ ಇದರ ಕಾವಲಿಲ್ಲ. ಆ ಫೋಟೊವನ್ನು ತಿರುಚಿದರೆ ಬೇರೆ ಕಾನೂನುಗಳು ಎದ್ದು ನಿಲ್ಲುತ್ತವೆ. ಮಗುವಿನ ಲೈಂಗಿಕ ಚಿತ್ರ ತಯಾರಿಸುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗಿನ ಸೆರೆವಾಸ, 10 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಪೋಕ್ಸೊ ಕಾಯ್ದೆಯೂ ಸೇರಿಕೊಳ್ಳುತ್ತದೆ. ಇಂಥ ಚಿತ್ರವನ್ನು ಇಟ್ಟುಕೊಳ್ಳುವುದನ್ನೂ ಹಗುರವಾಗಿ ಕಾಣುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದರೆ ಈ ಕಲಮುಗಳೆಲ್ಲ ಗಾಯವಾದ ಮೇಲೆ ಬರುವಂಥವು. ಗಾಯವಾಗದಂತೆ ತಡೆಯುವುದು ಮನೆಯಲ್ಲಿ, ತರಗತಿಯಲ್ಲಿ ಮೊದಲೇ ಆಡಿಕೊಂಡ ಮಾತಿನಿಂದ ಮಾತ್ರ ಸಾಧ್ಯ. ಗಂಡುಮಕ್ಕಳ ಜೊತೆ ಈ ಮಾತು ಇನ್ನೂ ಹೆಚ್ಚಾಗಿ ನಡೆಯಬೇಕು. 'ಸುಮ್ಮನೆ ತಮಾಷೆಗೆ ಮಾಡಿದೆ' ಎಂಬ ಸಮಜಾಯಿಷಿ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುವುದಿಲ್ಲ ಎಂದು ಅಪ್ಪಂದಿರೇ ಕೂರಿಸಿಕೊಂಡು ಹೇಳಬೇಕು.

ಮುಖದ ಬಣ್ಣ ಬದಲಿಸುವ ಹಕ್ಕು ಯಾರದು?

ಚಿತ್ರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಸ್ಟುಡಿಯೊದ ಕಂಪ್ಯೂಟರಿನಲ್ಲೂ ಏಳುತ್ತದೆ. ಟಚಪ್ ಹೆಸರಿನಲ್ಲಿ ಕಪ್ಪು ಮುಖವನ್ನು ಬಿಳುಪಾಗಿಸುವುದು, ಮೂಗು ತಿದ್ದುವುದು, ಕೆನ್ನೆ ಸಣ್ಣಗೆ ಮಾಡುವುದು ಕೇಳದೆಯೇ ನಡೆದುಹೋಗುತ್ತದೆ. ಮೊಡವೆ ಅಳಿಸಿದರೆ ಅಡ್ಡಿಯಿಲ್ಲ, ಅದು ನಾಳೆ ತಾನೇ ಮಾಯವಾಗುವಂಥದ್ದು. ಮೈಬಣ್ಣ ಹಾಗಲ್ಲ, ಅದು ಅಪ್ಪ ಅಮ್ಮ ಅಜ್ಜಿಯರಿಂದ ಬಂದದ್ದು. ಅದನ್ನು ತಿದ್ದಿ ಕೊಟ್ಟಾಗ ಮಗುವಿಗೆ ತಲುಪುವ ಸಂದೇಶ ಒಂದೇ: ನೀನಿರುವ ಹಾಗೆ ಫೋಟೊಗೆ ಲಾಯಕ್ಕಿಲ್ಲ. ಹದಿನೈದನೇ ವಯಸ್ಸಿನಲ್ಲಿ ಆ ಸಂದೇಶ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಹೆಣ್ಣುಮಕ್ಕಳ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಪಕ್ಷಪಾತಕ್ಕೆ ಉದ್ದದ ಚರಿತ್ರೆಯಿದೆ. ಬಣ್ಣದ ಫಿಲಂ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟಿನ ಬಣ್ಣ ಹದ ಮಾಡಲು ಲ್ಯಾಬ್‌ಗಳಿಗೆ ಕೊಡುತ್ತಿದ್ದ 'ಶರ್ಲಿ' ಕಾರ್ಡುಗಳಲ್ಲಿ ದಶಕಗಳ ಕಾಲ ಬಿಳಿ ಚರ್ಮದ ಹೆಣ್ಣಿನ ಚಿತ್ರವೇ ಇತ್ತು. ಆ ಅಳತೆಗೆ ಹೊಂದದ ಚರ್ಮ ಮಸುಕಾಗಿ ಬರುತ್ತಿತ್ತು. ನಮ್ಮಲ್ಲಿ ಹಿಂದೂಸ್ತಾನ್ ಯೂನಿಲಿವರ್ ತನ್ನ ಕ್ರೀಮಿನ ಹೆಸರಿನಿಂದ 'ಫೇರ್' ಪದ ತೆಗೆದದ್ದು 2020ರಲ್ಲಿ. ಡಬ್ಬಿಯ ಮೇಲಿನ ಪದ ಹೋಯಿತು, ಎಡಿಟಿಂಗಿನಲ್ಲಿ ಅದೇ ಆಸೆ ಉಳಿದುಕೊಂಡಿದೆ. ಕಪ್ಪು ಮೈಬಣ್ಣ ಚೆನ್ನಾಗಿ ಬರಬೇಕೆಂದರೆ ಒಳ್ಳೆಯ ಬೆಳಕು ಸಾಕು. ಫೆಬ್ರುವರಿಯ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅಂಗಳದಲ್ಲಿ ನಿಲ್ಲಿಸಿದರೆ ಎಂಥ ಮುಖವೂ ಕಣ್ಣು ಕಿವಿಚಿಕೊಂಡು ಕೆಟ್ಟದಾಗಿ ಬರುತ್ತದೆ. ಬೆಳಗಿನ ಎಂಟರಿಂದ ಒಂಬತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕರ ಮೇಲೆ, ಕಟ್ಟಡದ ನೆರಳಿನಲ್ಲಿ ಆಕಾಶದ ಕಡೆ ಮುಖ ಮಾಡಿ ನಿಲ್ಲಿಸಿದರೆ ಎಲ್ಲ ಬಣ್ಣದ ಮುಖಗಳೂ ತಮ್ಮ ಚೆಲುವಿನಲ್ಲೇ ಕಾಣುತ್ತವೆ. ಶೂಟ್‌ಗೆ ಮುಂಚೆ ಫೋಟೊಗ್ರಾಫರ್‌ಗೆ ಹೇಳಬೇಕಾದ ಮೊದಲ ಮಾತು ಇದಾಗಲಿ: ಮೈಬಣ್ಣ ಮುಟ್ಟಬೇಡಿ.

ತಿದ್ದುಪಡಿಯಿಂದ ಇನ್ನೊಂದು ನೇರ ನಷ್ಟವೂ ಇದೆ. ಕೊನೆಯ ವರ್ಷದಲ್ಲಿ ಮಗುವಿಗೆ ನೆನಪಿನ ಫೋಟೊ ಜೊತೆ ಅರ್ಜಿಯ ಫೋಟೊವೂ ಬೇಕು. ನೀಟ್ ಅರ್ಜಿಗೆ ಬಿಳಿ ಹಿನ್ನೆಲೆಯಲ್ಲಿ ಶೇ 80ರಷ್ಟು ಮುಖ ತುಂಬಿರುವ, ಕಿವಿಗಳೂ ಕಾಣುವ ಚಿತ್ರ ಕೇಳುತ್ತಾರೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಹಾಲ್ ಟಿಕೆಟ್ಟಿನ ಮುಖಕ್ಕೂ ಎದುರಿಗೆ ನಿಂತ ಮುಖಕ್ಕೂ ತಾಳೆ ನೋಡುತ್ತಾರೆ. ಬೀಳ್ಕೊಡುಗೆಯ ತಿದ್ದಿದ ಚಿತ್ರವನ್ನೇ ಕತ್ತರಿಸಿ ಅರ್ಜಿಗೆ ಹಾಕಿದರೆ ಅಲ್ಲಿ ತೊಂದರೆಗೆ ದಾರಿ ಮಾಡಿಕೊಟ್ಟಂತೆ. ಸ್ಟುಡಿಯೊಗೆ ಹೋದ ದಿನವೇ ಬಿಳಿ ಪರದೆಯ ಮುಂದೆ ಏನೂ ತಿದ್ದದ ಒಂದು ಫೋಟೊ ತೆಗೆಸಿಟ್ಟುಕೊಳ್ಳುವುದು ಜಾಣತನ. ಆಧಾರ್ ಕಾರ್ಡಿನ ಚಿತ್ರವನ್ನೂ ಇದೇ ವೇಳೆಗೆ ನೋಡಿಕೊಳ್ಳಿ. ಐದನೇ ವಯಸ್ಸಿನ ಮುಖ ಹೊತ್ತ ಆಧಾರ್ ಹಿಡಿದು ಪರೀಕ್ಷೆಗೆ ಹೋಗುವ ಮಕ್ಕಳಿದ್ದಾರೆ. 15 ತುಂಬಿದಾಗ ಫೋಟೊ, ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡುವುದು ಕಡ್ಡಾಯ. 17 ತುಂಬುವುದರೊಳಗೆ ಮಾಡಿಸಿದರೆ ಶುಲ್ಕವೂ ಇಲ್ಲ.

ದುಡ್ಡು, ದಿನ, ಜಾಗ

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಅಪ್ಪನ ಮಗಳೂ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮನ ಮಗನೂ, ಮಾನ್ಯತಾ ಟೆಕ್ ಪಾರ್ಕಿನ ಎಂಜಿನಿಯರ್ ಮಗಳೂ ಒಂದೇ ಗುಂಪಿನ ಫೋಟೊದಲ್ಲಿ ನಿಲ್ಲಬೇಕಾದ ಭಾಗ ನಮ್ಮ ಉತ್ತರ ಬೆಂಗಳೂರು. ಸೀರೆ, ರವಿಕೆ ಹೊಲಿಗೆ, ಬಾಡಿಗೆ ಬ್ಲೇಜರ್, ಮೇಕಪ್, ಶೂಟ್ ಪ್ಯಾಕೇಜ್ ಎಲ್ಲ ಕೂಡಿದರೆ ತಿಂಗಳ ಸಂಬಳ ಎಣಿಸಿ ಬದುಕುವ ಮನೆಗೆ ಅದು ದೊಡ್ಡ ಮೊತ್ತ. ಕೊಡಲಾಗದ ಮಗು ಆ ದಿನ ಜ್ವರದ ನೆಪ ಹೇಳಿ ಮನೆಯಲ್ಲಿ ಉಳಿದರೆ ಆ ಫೋಟೊ ಶಾಲೆಯ ಫೋಟೊ ಎನಿಸಿಕೊಳ್ಳುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರ ಕೊಡುವುದರ ಹಿಂದೆ ಯಾವ ಮಗುವೂ ಬಟ್ಟೆಯಿಂದ ಬೇರೆಯಾಗಬಾರದು ಎಂಬ ಆಶಯವಿದೆ. ಕೊನೆಯ ದಿನ ಅದನ್ನು ಕೈಬಿಡುವುದು ಸರಿಯಲ್ಲ. ಶಾಲೆಯ ಅಧಿಕೃತ ಚಿತ್ರ ಸಮವಸ್ತ್ರದಲ್ಲೇ ಇರಲಿ, ಅದರ ಒಂದು ಪ್ರಿಂಟ್ ಪ್ರತಿ ಮಗುವಿಗೂ ಶಾಲೆಯ ಖರ್ಚಿನಲ್ಲೇ ಸಿಗಲಿ. ಸೀರೆ ಜುಬ್ಬದ ಸಡಗರ ಅದಾದ ಮೇಲೆ, ಇಷ್ಟವಿದ್ದವರಿಗೆ, ಅಮ್ಮನದೋ ಅಕ್ಕನದೋ ಬಟ್ಟೆಯಲ್ಲಿ ನಡೆಯಲಿ.

ದಿನದ ಲೆಕ್ಕವನ್ನೂ ಹಾಕೋಣ. 2026ರಲ್ಲಿ ಸಿಬಿಎಸ್‌ಇ ಹತ್ತನೇ ತರಗತಿ ಪರೀಕ್ಷೆ ಫೆಬ್ರುವರಿ 17ಕ್ಕೆ, ದ್ವಿತೀಯ ಪಿಯು ಪರೀಕ್ಷೆ-1 ಫೆಬ್ರುವರಿ 28ಕ್ಕೆ, ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 18ಕ್ಕೆ ನಿಗದಿಯಾಗಿದ್ದವು. ಅದಕ್ಕೂ ಮುಂಚೆ ಪ್ರಿಪರೇಟರಿಗಳು. ಜನವರಿ ಕೊನೆಯಲ್ಲಿ ಶೂಟ್ ಇಟ್ಟುಕೊಂಡರೆ ಮುಂದಿನ ಎರಡು ವಾರ ಫೋಟೊ ಆರಿಸುವುದರಲ್ಲಿ, ಸ್ಟೇಟಸ್ ಹಾಕುವುದರಲ್ಲಿ, ಯಾರಿಗೆಷ್ಟು ಲೈಕ್ ಬಂತು ಎಂಬ ನೋವಿನಲ್ಲಿ ಕರಗುತ್ತವೆ. ಡಿಸೆಂಬರ್ ಮೊದಲ ಅರ್ಧದೊಳಗೆ ಫೋಟೊ ಮುಗಿದರೆ ಮಕ್ಕಳ ಮನಸ್ಸು ಓದಿಗೆ ಬಿಡುವಾಗುತ್ತದೆ. ಆಗ ಬೆಂಗಳೂರಿನ ಬೆಳಗಿನ ಬೆಳಕೂ ಮೃದುವಾಗಿರುತ್ತದೆ.

ಇನ್ನು ಜಾಗ. 2017ರ ಅಕ್ಟೋಬರ್‌ನಲ್ಲಿ ಬಿಡದಿ ಬಳಿ ರೈಲು ಹಳಿಯ ಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಮೂವರು ಯುವಕರು ರೈಲಿಗೆ ಸಿಕ್ಕಿ ಸತ್ತರೆಂಬ ಸುದ್ದಿ ಊರನ್ನೇ ಅಲ್ಲಾಡಿಸಿತ್ತು. ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ, ಯಲಹಂಕ ಎಲ್ಲ ಕಡೆ ಹಳಿಗಳು ಮನೆಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಹಳಿ ಚಂದದ ಹಿನ್ನೆಲೆ ಎಂದು ಯಾವ ಫೋಟೊಗ್ರಾಫರ್ ಹೇಳಿದರೂ ಮಕ್ಕಳು ಒಪ್ಪಬಾರದು. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡವಿದೆ, ಜೀವದ ಬೆಲೆ ಅದಕ್ಕಿಂತ ಬಹಳ ದೊಡ್ಡದು. ಕೆರೆ ಕಟ್ಟೆಯ ತುದಿ, ಮೇಲ್ಸೇತುವೆಯ ಅಂಚು, ಬೈಕಿನ ಮೇಲಿನ ರೀಲ್ಸು ಇವಕ್ಕೂ ಇದೇ ಮಾತು. ಯಲಹಂಕ ವಾಯುನೆಲೆ, ಜಕ್ಕೂರು ವಿಮಾನಾಂಗಣಗಳ ಸುತ್ತ ಅನುಮತಿಯಿಲ್ಲದೆ ಡ್ರೋನ್ ಹಾರಿಸುವ ಪ್ಯಾಕೇಜ್ ಯಾರಾದರೂ ತೋರಿಸಿದರೆ ಬೇಡವೆನ್ನಿ. ಮಕ್ಕಳಿಗೆ ನೆನಪಾಗಿ ಉಳಿಯುವುದು ಅವರು ಓದಿದ ಶಾಲೆಯ ಮೆಟ್ಟಿಲು, ಮರ, ತರಗತಿಯ ಬಾಗಿಲು. ಅದಕ್ಕಿಂತ ಒಳ್ಳೆಯ ಜಾಗ ಹುಡುಕಿ ಹೋಗಬೇಕಿಲ್ಲ.

ಈಗಲೇ ಆಗಬೇಕಾದ ಕೆಲಸ

ಮೊದಲ ಹೊಣೆ ಶಾಲೆಯದು. ದೀಪಾವಳಿಗೆ ಮುಂಚಿನ ಪೋಷಕರ ಸಭೆಯಲ್ಲಿ ಇದೊಂದು ವಿಷಯವಾಗಿ ಬರಲಿ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇದನ್ನು ಕೈಗೆತ್ತಿಕೊಳ್ಳಲಿ. ಒಂದು ಪುಟದ ಒಪ್ಪಿಗೆ ಪತ್ರ ಸಾಕು, ಅದು ಕನ್ನಡದಲ್ಲಿರಲಿ. ಅದರಲ್ಲಿ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಬೇಕು: ಗ್ರೂಪ್ ಫೋಟೊದಲ್ಲಿ ನಿಲ್ಲಲು ಒಪ್ಪಿಗೆಯೇ, ಒಂಟಿ ಫೋಟೊಗೆ ಒಪ್ಪಿಗೆಯೇ, ಶಾಲೆಯ ಪುಟದಲ್ಲಿ ಹಾಕಲು ಒಪ್ಪಿಗೆಯೇ, ಸ್ಟುಡಿಯೊ ಜಾಹೀರಾತಿಗೆ ಒಪ್ಪಿಗೆಯೇ. ಪೋಷಕರ ಸಹಿಯ ಜೊತೆ ಮಗುವಿನ ಸಹಿಯೂ ಇರಲಿ. ಬೇಡ ಎಂದ ಮಗುವನ್ನು ಯಾರೂ ಯಾಕೆ ಎಂದು ಪೀಡಿಸಬಾರದು. ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು ಇಂಥ ಒಂದು ಮಾದರಿ ಪತ್ರವನ್ನು ಬಿಇಒಗಳ ಮೂಲಕ ಎಲ್ಲ ಶಾಲೆಗಳಿಗೂ ಕಳಿಸಬಹುದು. ಇದಕ್ಕೆ ಹೊಸ ಕಾನೂನು ಬೇಡ, ಅನುದಾನ ಬೇಡ, ಒಂದು ಸುತ್ತೋಲೆ ಸಾಕು.

ಸ್ಟುಡಿಯೊ ಜೊತೆಗಿನ ಒಪ್ಪಂದ ಬಾಯಿಮಾತಿನಲ್ಲಿ ಮುಗಿಯಬಾರದು. ಪ್ರತಿ ಮಗುವಿನ ಒಂಟಿ ಫೋಟೊ ಆ ಮಗುವಿನ ಪೋಷಕರಿಗೆ ಮಾತ್ರ ಬೇರೆಯಾಗಿ ತಲುಪಬೇಕು. ಗುಂಪಿನ ಫೋಟೊಗಳ ಲಿಂಕ್‌ಗೆ ಪಾಸ್‌ವರ್ಡ್ ಇರಬೇಕು, ಗೊತ್ತಾದ ದಿನಕ್ಕೆ ಅದು ಮುಚ್ಚಬೇಕು. ಪ್ರಿಂಟ್ ಕೊಟ್ಟ ಮೇಲೆ ಇಷ್ಟು ದಿನದೊಳಗೆ ಮೂಲ ಫೈಲು ಅಳಿಸುತ್ತೇವೆ, ಲಿಖಿತ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕುವುದಿಲ್ಲ, ಎಐ ಆ್ಯಪ್‌ಗಳಿಗೆ ಮಕ್ಕಳ ಚಿತ್ರ ಕೊಡುವುದಿಲ್ಲ ಎಂದು ಅವರು ಬರೆದುಕೊಡಬೇಕು. ಶೂಟ್ ನಡೆಯುವಾಗ ಶಿಕ್ಷಕಿಯೊಬ್ಬರು ಜೊತೆಗಿರಬೇಕು, ಬಟ್ಟೆ ಬದಲಿಸುವ ಕೋಣೆಗೆ ಕ್ಯಾಮೆರಾ ಮೊಬೈಲು ಹೋಗಬಾರದು. ಬಡಾವಣೆಯ ಸ್ಟುಡಿಯೊಗಳಲ್ಲಿ ದುಡಿಯುವವರು ಹೆಚ್ಚಿನವರು ಮರ್ಯಾದಸ್ತರು, ಮಕ್ಕಳ ಅಪ್ಪ ಅಮ್ಮಂದಿರೇ. ನಿಯಮ ಬರಹದಲ್ಲಿದ್ದರೆ ಅವರಿಗೂ ರಕ್ಷಣೆ.

ಮನೆಯಲ್ಲಿ ಹೇಳಬೇಕಾದ ಮಾತು ಇನ್ನೂ ಮುಖ್ಯ. ಮಗುವಿನ ಖಾತೆ ಖಾಸಗಿಯಾಗಿರಲಿ, ಶಾಲೆಯ ಹೆಸರು, ಮನೆಯ ಜಾಗ ಫೋಟೊ ಜೊತೆ ಬೇಡ, ಗೆಳತಿಯ ಫೋಟೊ ಹಾಕುವ ಮುಂಚೆ ಅವಳನ್ನು ಕೇಳು. ಇವು ಹೇಳಿಕೊಡಬೇಕಾದ ನಡತೆಗಳು. ಹೇಳುವ ಮುಂಚೆ ಅಪ್ಪ ಅಮ್ಮಂದಿರೂ ಪಾಲಿಸಬೇಕು, ಮಗಳನ್ನು ಕೇಳದೆ ಅವಳ ಫೋಟೊ ಬಂಧುಬಳಗದ ಗುಂಪಿಗೆ ಹಾಕುವ ಅಭ್ಯಾಸ ಬಿಡಬೇಕು. ಇದೆಲ್ಲಕ್ಕಿಂತ ಮೇಲಾಗಿ ಮಗುವಿಗೆ ಒಂದು ಭರವಸೆ ಬೇಕು: 'ಏನಾದರೂ ಆದರೆ ಮೊದಲು ನಮಗೆ ಹೇಳು, ನಿನ್ನನ್ನು ಬೈಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ, ಮೊಬೈಲ್ ಕಿತ್ತುಕೊಳ್ಳುವುದಿಲ್ಲ.' ಬೆದರಿಸುವವರ ಬಲವೆಲ್ಲ ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯಲ್ಲಿದೆ.

ಒಂದು ವೇಳೆ ಅಂಥದ್ದು ನಡೆದೇಬಿಟ್ಟರೆ ತಡಮಾಡಬಾರದು. ಖಾತೆಯ ಹೆಸರು, ಲಿಂಕ್, ದಿನ, ಸಮಯ ಬರೆದಿಟ್ಟುಕೊಳ್ಳಿ. ಚಿತ್ರವನ್ನು ಮತ್ತೊಬ್ಬರಿಗೆ ಸಾಕ್ಷಿಗೆಂದೂ ಕಳಿಸಬೇಡಿ. 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ಮಕ್ಕಳ ಸಹಾಯವಾಣಿ 1098 ಇದೆ, ನಿಮ್ಮ ವಿಭಾಗದ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆ ಇದೆ. ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರಲ್ಲಿ ಆರಂಭಿಸಿದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಲ್ಲಿ ಚಿತ್ರವನ್ನು ಎಲ್ಲಿಗೂ ಕಳಿಸದೆ, ಅದರ ಡಿಜಿಟಲ್ ಗುರುತನ್ನು ಮಾತ್ರ ಕೊಟ್ಟು, ಸೇರಿಕೊಂಡಿರುವ ಜಾಲತಾಣಗಳಲ್ಲಿ ಹರಡದಂತೆ ತಡೆಯಲು ಕೇಳಬಹುದು. ಶಾಲೆಯವರು ಒಂದನ್ನು ನೆನಪಿಡಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. 'ಶಾಲೆಯ ಹೆಸರು ಕೆಡುತ್ತದೆ' ಎಂದು ಎರಡು ಮನೆಯವರನ್ನು ಕೂರಿಸಿ ರಾಜಿ ಮಾಡಿಸುವ ಅಧಿಕಾರ ಯಾವ ಆಡಳಿತ ಮಂಡಳಿಗೂ ಇಲ್ಲ.

ಉತ್ತರ ಬೆಂಗಳೂರಿನ ಒಂದು ಶಾಲೆಯಲ್ಲಿ ಅಲ್ಮೆಂದ್ರಾಲೆಹೊ ಮರುಕಳಿಸಿದ ಮೇಲೆ ನಾವೆಲ್ಲ ಸೇರಿ ಖಂಡಿಸುತ್ತೇವೆ, ಮೇಣದಬತ್ತಿ ಹಿಡಿಯುತ್ತೇವೆ, ಸುತ್ತೋಲೆಯೂ ಬರುತ್ತದೆ. ಅಷ್ಟು ಹೊತ್ತಿಗೆ ಒಬ್ಬ ಹುಡುಗಿ ಪರೀಕ್ಷೆ ಬಿಟ್ಟಿರುತ್ತಾಳೆ. ಅದೇ ಸುತ್ತೋಲೆ ಈಗ ಬಂದರೆ, ಅದೇ ಸಭೆ ಈಗ ನಡೆದರೆ, ಆ ಹುಡುಗಿ ಎಲ್ಲರಂತೆ ಪರೀಕ್ಷೆ ಬರೆದು ಮುಂದಕ್ಕೆ ಹೋಗುತ್ತಾಳೆ. ಶಿಕ್ಷಣ ಇಲಾಖೆ ಈ ಶೈಕ್ಷಣಿಕ ವರ್ಷದ ಬೀಳ್ಕೊಡುಗೆಗೆ ಮುಂಚೆಯೇ ಮಾದರಿ ಒಪ್ಪಿಗೆ ಪತ್ರ ಹೊರಡಿಸಲಿ. ಹೊರಡಿಸದಿದ್ದರೆ ಪೋಷಕರು ಕಾಯಬೇಕಿಲ್ಲ. ಮುಂದಿನ ಸಭೆಯಲ್ಲಿ ಒಬ್ಬರು ಎದ್ದುನಿಂತು 'ನಮ್ಮ ಮಕ್ಕಳ ಫೋಟೊ ಯಾರ ಹತ್ತಿರ ಇರುತ್ತದೆ, ಎಷ್ಟು ದಿನ ಇರುತ್ತದೆ, ಬರಹದಲ್ಲಿ ಕೊಡಿ' ಎಂದು ಕೇಳಿದರೆ ಸಾಕು, ಉಳಿದವರು ದನಿಗೂಡಿಸುತ್ತಾರೆ. ಉತ್ತರ ಕೊಡಲಾಗದ ಶಾಲೆ ಆ ವರ್ಷ ಶೂಟ್ ಕೈಬಿಟ್ಟು, ಅಂಗಳದಲ್ಲಿ ಒಂದು ಗ್ರೂಪ್ ಫೋಟೊ ತೆಗೆಸಿ, ಎಲ್ಲರಿಗೂ ಒಂದೊಂದು ಪ್ರಿಂಟ್ ಕೊಡಲಿ.